ಹಕ್ಕಿ ಮೇಯುವಾಗ

ಬಸವನ ಬಾಗೇವಾಡಿಯ ಸೀಮೆಯಿಂದ ದಕ್ಷಿಣಕ್ಕೆ, ಕೃಷ್ಣೆಯ ಕಡೆ ಇಳಿದರೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಸಿಗುತ್ತದೆ. ಬೇಸಿಗೆ ಸಮೀಪಿಸಿ ನೀರು ತಗ್ಗಿದಾಗ ದಂಡೆಯ ಕೆಸರು ತೆರೆದುಕೊಳ್ಳುತ್ತದೆ, ಆ ಕೆಸರಿಗೆ ರಾಜಹಂಸಗಳು ಇಳಿಯುತ್ತವೆ. ಉದ್ದ ಕೊರಳನ್ನು ಪಾದದವರೆಗೆ ಬಗ್ಗಿಸಿ, ಕೊಕ್ಕನ್ನು ತಲೆಕೆಳಗಾಗಿ ಅದ್ದಿ, ನಾಲಿಗೆಯಿಂದ ರಾಡಿನೀರನ್ನು ಎಳೆದು ಹೊರದಬ್ಬಿ, ಕೊಕ್ಕಿನಂಚಿನ ಜರಡಿಯಲ್ಲಿ ಉಳಿದ ಸಣ್ಣ ಜೀವಿಗಳನ್ನಷ್ಟೇ ನುಂಗುತ್ತವೆ. ಒಂದೊಂದು ಗುಟುಕಿಗೂ ಇಷ್ಟು ದುಡಿಮೆ. ಇಂಡಿ, ಸಿಂದಗಿ, ಮುದ್ದೇಬಿಹಾಳದಿಂದ ರಜೆಗೆ ಬಂದವರಿಗೆ ಅದು ಕಣ್ಣಿನ ಹಬ್ಬ, ಹಕ್ಕಿಗೆ ಹೊಟ್ಟೆಪಾಡು. ಹಾರುವ ಹಿಂಡಿನ ಫೋಟೋ ಸಿಗಲೆಂದು ಚಪ್ಪಾಳೆ ತಟ್ಟಿ ಅವುಗಳನ್ನು ಎಬ್ಬಿಸಿದರೆ, ಇನ್ನೊಂದು ಜೀವದ ದುಡಿಮೆ ಕೆಡಿಸಿ ಪಡೆದ ಸಂತೋಷ ನಮಗೆ ಸಲ್ಲುವುದೇ ಎಂಬ ಧರ್ಮದ ಪ್ರಶ್ನೆ ಏಳುತ್ತದೆ.

ಈ ನೆಲಕ್ಕೆ ಉತ್ತರ ಹೊರಗಿನಿಂದ ಬರಬೇಕಿಲ್ಲ. ಬಸವಣ್ಣನ ಹುಟ್ಟೂರು ಇದೇ ಬಾಗೇವಾಡಿ, 12ನೇ ಶತಮಾನದ ಶರಣರು ದುಡಿಮೆಯನ್ನು ಕಾಯಕವೆಂದು ಕರೆದು ಪೂಜೆಯ ಮಟ್ಟಕ್ಕೆ ಏರಿಸಿದರು. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಹುಲ್ಲು ಕೊಯ್ಯುವಾಗ ಲಿಂಗ ಕೆರೆಗೆ ಜಾರಿ ಬಿದ್ದರೂ ಕಾಯಕ ನಿಲ್ಲಿಸಲಿಲ್ಲ ಎನ್ನುತ್ತದೆ ಶರಣರ ಕಥೆ. ದೇವರಿಗೂ ಅಡ್ಡಬರುವ ಹಕ್ಕಿಲ್ಲದ ಕಡೆ ನಮ್ಮ ಮೋಜಿಗೆ ಆ ಹಕ್ಕು ಎಲ್ಲಿಂದ ಬಂತು? ಹಕ್ಕಿಗೆ ಕಾಯಕದ ಅರಿವಿಲ್ಲ, ಅದು ಬರೀ ಹಸಿವು ಎಂದು ಯಾರಾದರೂ ಹೇಳಬಹುದು. ಮಾತು ನಿಜ. ಅರಿವು ಇರುವುದು ನಮಗೆ, ಆದ್ದರಿಂದಲೇ ಹೊಣೆಯೂ ನಮ್ಮದು. ಕೊಲ್ಲುವುದಿಲ್ಲವಲ್ಲ, ಬರೀ ಹಾರಿಸುತ್ತೇವೆ ಎಂಬುದೂ ನಿಲ್ಲದ ವಾದ. ಪ್ರತಿ ಸಲ ಹಾರಿದಾಗಲೂ ಜರಡಿ ಹಿಡಿದು ಕೂಡಿಸಿದ ಶಕ್ತಿ ಸೋರುತ್ತದೆ, ಮೇಯುವ ಹೊತ್ತೂ ಕಳೆಯುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯದು. ಈ ನೀರಿಗಾಗಿ ಊರುಗಳು, ಹೊಲಗಳು, ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿದವು. ಮನುಷ್ಯರು ಇಷ್ಟು ಕಳೆದುಕೊಂಡ ದಂಡೆಯಲ್ಲಿ ಹಕ್ಕಿಗೇಕೆ ಇಷ್ಟು ಮರ್ಯಾದೆ? ಆ ನೋವು ದೊಡ್ಡದು, ಅದನ್ನು ಯಾವ ಹಕ್ಕಿಯ ಚೆಲುವೂ ತೀರಿಸದು. ಆದರೆ ದೂರ ನಿಂತು ನೋಡಲು ಯಾರೂ ಇನ್ನೊಂದು ಗುಂಟೆ ಬಿಟ್ಟುಕೊಡಬೇಕಿಲ್ಲ. ಪ್ರವಾಸಿಗರು ಬರಲಿ, ಚಹಾ-ಚುರುಮುರಿಯ ಅಂಗಡಿಗಳು ನಡೆಯಲಿ, ಮಕ್ಕಳು ಹಕ್ಕಿಯ ಹೆಸರು ಕಲಿಯಲಿ. ಕೇಳುವುದು ನೂರು ಹೆಜ್ಜೆಯ ಅಂತರ ಮತ್ತು ತುಸು ಮೌನ. ಮುಳುಗಡೆಯ ಜನರನ್ನು ಊರಿಂದ ಎಬ್ಬಿಸಿದರು ಎನ್ನುತ್ತೇವೆ, ಹಕ್ಕಿಯ ಹಿಂಡಿಗೂ ಅದೇ ಕ್ರಿಯಾಪದ. ಕೂತ ಜಾಗದಿಂದ ಎಬ್ಬಿಸಿಕೊಳ್ಳುವುದು ಏನೆಂದು ಬಲ್ಲ ಸೀಮೆಯೇ ಮೇಯುತ್ತಿರುವ ಜೀವವನ್ನು ಎಬ್ಬಿಸದ ಧರ್ಮವನ್ನು ಮೊದಲು ಪಾಲಿಸಬಲ್ಲದು.