ಹೆರಿಗೆಯ ಕೋಣೆಯಲ್ಲಿ ಕಾಯುವವರು ಯಾರು?

ಮಗು ಹುಟ್ಟಿದ ಮನೆಗೆ ಹೋದವರು ಹಿಂದೆ ಕೇಳುತ್ತಿದ್ದ ಮೊದಲ ಪ್ರಶ್ನೆ ‘ಗಂಡೋ ಹೆಣ್ಣೋ’ ಎಂಬುದು. ಈಗ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ‘ನಾರ್ಮಲ್ಲೋ ಸಿಸೇರಿಯನ್ನೋ?’ ಮೂರು ವರ್ಷಗಳ ಹಿಂದೆ ನನ್ನ ತಂಗಿಯ ಮಗಳ ಚೊಚ್ಚಲು ಕೂಸಿನ ಜ್ಞಾನಸ್ನಾನದ ಊಟಕ್ಕೆ ಕುಳಿತಿದ್ದಾಗ ಈ ಪ್ರಶ್ನೆ ಬಂದಿತು. ‘ಆಪರೇಷನ್’ ಎಂಬ ಉತ್ತರ ಕೇಳಿದೊಡನೆ ಹಿರಿಯರೊಬ್ಬರು, ‘ಈಗಿನ ಹುಡುಗಿಯರಿಗೆ ನೋವು ತಿನ್ನುವ ತಾಳ್ಮೆ ಎಲ್ಲಿದೆ?’ ಎಂದರು. ‘ತಾಳ್ಮೆ ಇಲ್ಲದಿರುವುದು ಹುಡುಗಿಯರಿಗಲ್ಲ, ಡಾಕ್ಟರರಿಗೆ ದುಡ್ಡಿನ ಆಸೆ’ ಎಂದು ಪಕ್ಕದವರು ತಿದ್ದಿದರು. ಹದಿನಾಲ್ಕು ಗಂಟೆ ನೋವು ತಿಂದು ಅನಂತರ ಆಪರೇಷನ್ ಟೇಬಲ್ಲಿಗೆ ಹೋಗಿದ್ದ ಆ ಹುಡುಗಿ ಏನೂ ಹೇಳದೆ ಮಗುವನ್ನೆತ್ತಿಕೊಂಡು ಒಳಕೋಣೆಗೆ ನಡೆದಳು.

ಆ ರಾತ್ರಿ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ನಾನೂ ಇದ್ದೆ. ಎರಡು ಗಂಟೆಯ ಸುಮಾರಿಗೆ ನರ್ಸ್ ಹೊರಬಂದು, ಮಗುವಿನ ಎದೆಬಡಿತ ಇಳಿಯುತ್ತಿದೆ, ಇಲ್ಲಿ ಸಹಿ ಮಾಡಿ ಎಂದರು. ಅವಳ ಗಂಡ ಕಾಗದವನ್ನು ಓದಲಿಲ್ಲ. ಓದಹೊರಟಿದ್ದರೂ ಅದು ಇಂಗ್ಲಿಷಿನಲ್ಲಿತ್ತು. ಹೊಟ್ಟೆ ಅವಳದು, ಸಹಿ ಅವನದು. ಭಯ ಮಾತ್ರ ನಮ್ಮೆಲ್ಲರದು. ಇನ್ನೊಂದು ಗಂಟೆ ಕಾದಿದ್ದರೆ ಏನಾಗುತ್ತಿತ್ತು ಎಂಬುದು ನಮಗೂ ತಿಳಿಯದು, ಆ ವೈದ್ಯೆಗೂ ತಿಳಿಯದು. ಈ ವಿಷಯದ ನೈತಿಕ ಕಗ್ಗಂಟು ಇರುವುದೇ ಇಲ್ಲಿ. ಒಂದೊಂದು ಹೆರಿಗೆಯನ್ನು ಬಿಡಿಯಾಗಿ ನೋಡಿದರೆ ಯಾರೂ ತಪ್ಪು ಮಾಡಿದಂತೆ ಕಾಣುವುದಿಲ್ಲ. ಎಲ್ಲವನ್ನೂ ಕೂಡಿಸಿ ನೋಡಿದಾಗ ಎಲ್ಲಿಯೋ ಏನೋ ತಪ್ಪಿದೆಯೆಂದು ಅನಿಸದೆ ಇರದು.

ಕೂಡಿಸಿದ ಲೆಕ್ಕವನ್ನೇ ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ಭಾರತದ ಹೆರಿಗೆಗಳಲ್ಲಿ ಸಿಸೇರಿಯನ್ ಪ್ರಮಾಣ ಶೇ. 8.5 ಇತ್ತು. 2015-16ರಲ್ಲಿ ಅದು ಶೇ. 17.2ಕ್ಕೂ, 2019-21ರಲ್ಲಿ ಶೇ. 21.5ಕ್ಕೂ ಏರಿತು. ಕರ್ನಾಟಕದಲ್ಲಿ ಕೊನೆಯ ಎರಡು ಸಮೀಕ್ಷೆಗಳ ನಡುವೆ ಶೇ. 23.6 ಇದ್ದುದು ಶೇ. 31.5 ಆಯಿತು. ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14.3 ಇರುವಾಗ ಖಾಸಗಿ ಆಸ್ಪತ್ರೆಗಳಲ್ಲಿ ಅದು ಶೇ. 47.4. ತೆಲಂಗಾಣದಲ್ಲಿ ಶೇ. 60.7, ನಾಗಾಲ್ಯಾಂಡಿನಲ್ಲಿ ಶೇ. 5.2. ಹೆಣ್ಣಿನ ದೇಹರಚನೆ ರಾಜ್ಯದ ಗಡಿಯಲ್ಲಿ ಬದಲಾಗುವುದಿಲ್ಲವಷ್ಟೆ! ಒಂದೆಡೆ ಬೇಡದವರಿಗೂ ಕತ್ತರಿ ಬೀಳುತ್ತಿರುವಾಗ ಇನ್ನೊಂದೆಡೆ ಬೇಕಾದವರಿಗೂ ಅದು ಸಿಗುತ್ತಿಲ್ಲ ಎಂಬುದನ್ನು ಈ ಎರಡು ಅಂಕಿಗಳು ಒಟ್ಟಿಗೇ ಹೇಳುತ್ತವೆ. 1985ರಲ್ಲಿ ಬ್ರೆಜಿಲ್ ದೇಶದ ಫೋರ್ಟಲೇಜಾ ನಗರದಲ್ಲಿ ನಡೆದ ಸಭೆಯ ಬಳಿಕ ವಿಶ್ವ ಆರೋಗ್ಯ ಸಂಸ್ಥೆಯು ಶೇ. 10ರಿಂದ 15ಕ್ಕಿಂತ ಹೆಚ್ಚಿನ ಪ್ರಮಾಣಕ್ಕೆ ಸಮರ್ಥನೆಯಿಲ್ಲ ಎಂದಿತ್ತು. 2015ರಲ್ಲಿ ಅದೇ ಸಂಸ್ಥೆ ಇನ್ನೂ ವಿವೇಕದ ಮಾತನ್ನಾಡಿತು: ಪ್ರಮಾಣವು ಶೇ. 10ನ್ನು ಮೀರಿದ ಮೇಲೆ ಅದರಿಂದ ತಾಯಿ ಮಕ್ಕಳ ಸಾವು ಮತ್ತಷ್ಟು ಇಳಿಯುವುದು ಕಂಡುಬಂದಿಲ್ಲ. ಆದರೆ ಒಂದು ಅಂಕಿಯನ್ನು ಬೆನ್ನಟ್ಟುವುದಕ್ಕಿಂತ ಅಗತ್ಯವಿರುವ ಪ್ರತಿಯೊಬ್ಬ ತಾಯಿಗೂ ಶಸ್ತ್ರಚಿಕಿತ್ಸೆ ದೊರೆಯುವಂತೆ ನೋಡಿಕೊಳ್ಳುವುದು ಮುಖ್ಯ.

ಶಸ್ತ್ರಚಿಕಿತ್ಸೆಯನ್ನು ಶಪಿಸುವವರು ಅದರ ಹಿಂದಿನ ಕಥೆಯನ್ನು ಮರೆಯಬಾರದು. 1881ರಲ್ಲಿ ಕೆಹ್ರರ್, 1882ರಲ್ಲಿ ಸ್ಯಾಂಗರ್ ಎಂಬ ಜರ್ಮನ್ ವೈದ್ಯರು ಕೊಯ್ದ ಗರ್ಭಕೋಶವನ್ನು ಎಚ್ಚರದಿಂದ ಹೊಲಿಯುವ ಕ್ರಮವನ್ನು ರೂಪಿಸುವವರೆಗೆ ಹೀಗೆ ಹೆತ್ತ ತಾಯಿ ಬದುಕಿ ಉಳಿಯುವುದೇ ಅಪರೂಪವಾಗಿತ್ತು. ಮಗು ಅಡ್ಡಲಾಗಿ ನಿಂತಾಗ, ಮಾಸು ಗರ್ಭದ ಬಾಯನ್ನು ಮುಚ್ಚಿಕೊಂಡಾಗ, ಇಂದಿಗೂ ಆ ಕತ್ತಿಯೇ ಕರುಣೆ. ಇಟಲಿಯ ವೈದ್ಯೆ ಸಂತ ಜಿಯಾನ್ನ ಬೆರೆಟ್ಟಾ ಮೊಲ್ಲಾ ಅವರ ಕೊನೆಯ ಮಗಳು 1962ರ ಏಪ್ರಿಲ್ 21ರಂದು ಹುಟ್ಟಿದ್ದು ಸಿಸೇರಿಯನ್ ಮೂಲಕವೇ. ಒಂದು ವಾರದಲ್ಲಿ ತಾಯಿ ತೀರಿಕೊಂಡರು. 2004ರಲ್ಲಿ ಅವರಿಗೆ ಸಂತಪದವಿ ದೊರೆತಾಗ ಆ ಮಗಳು ಅಲ್ಲಿ ಹಾಜರಿದ್ದರು. ‘ಕೊಯ್ದು ತೆಗೆದದ್ದು ಹೆತ್ತಂತೆ ಅಲ್ಲ’ ಎಂದು ಸೊಸೆಗೆ ಚುಚ್ಚುವ ಅತ್ತೆಯಂದಿರು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇರುವುದರಿಂದ ಇದನ್ನು ಹೇಳಬೇಕಾಯಿತು.

ಹಾಗಾದರೆ ಪ್ರಮಾಣ ಏಕೆ ಏರುತ್ತಿದೆ? ತಡವಾದ ಮದುವೆ, ತಾಯಂದಿರ ತೂಕ, ಸಕ್ಕರೆ ಕಾಯಿಲೆ, ಚಿಕಿತ್ಸೆಯಿಂದ ನಿಂತ ಗರ್ಭ, ಇವೆಲ್ಲ ಇವೆ. ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ದುಡ್ಡಿನಾಸೆಯೂ ಇದೆ. ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ನಡುವಿನ ಅಷ್ಟು ದೊಡ್ಡ ಅಂತರವನ್ನು ತಾಯಂದಿರ ಆರೋಗ್ಯದ ವ್ಯತ್ಯಾಸದಿಂದಷ್ಟೇ ವಿವರಿಸಲು ಸಾಧ್ಯವಿಲ್ಲ. ಆದರೆ ಸಣ್ಣ ಊರಿನ ನರ್ಸಿಂಗ್ ಹೋಮನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಅಲ್ಲಿರುವುದು ಒಬ್ಬರೇ ಪ್ರಸೂತಿ ತಜ್ಞೆ. ಅರಿವಳಿಕೆ ಕೊಡುವವರು ಬೇರೆ ಊರಿನಿಂದ ಬರಬೇಕು, ರಕ್ತವನ್ನು ಜಿಲ್ಲಾ ಕೇಂದ್ರದಿಂದ ತರಬೇಕು. ಸಹಜ ಹೆರಿಗೆಯೆಂದರೆ ಹನ್ನೆರಡು, ಹದಿನೆಂಟು ಗಂಟೆಗಳ ಕಾವಲು. ನಡುರಾತ್ರಿ ಏನಾದರೂ ಕೆಟ್ಟರೆ ಕೈಗೆ ಯಾರೂ ಸಿಗುವುದಿಲ್ಲ. ಅರಿವಳಿಕೆ ತಜ್ಞರು ಲಭ್ಯರಿರುವ ಸಂಜೆ ಐದಕ್ಕೇ ಮುಗಿಸಿಬಿಡೋಣ ಎಂದು ಆಕೆಗೆ ಅನ್ನಿಸಿದರೆ ಅದನ್ನು ಬರಿಯ ದುರಾಸೆ ಎನ್ನಲಾದೀತೇ? ಕಾಯುವುದಕ್ಕೂ ಒಂದು ವ್ಯವಸ್ಥೆ ಬೇಕು. ಆ ವ್ಯವಸ್ಥೆಯನ್ನು ನಾವು ಕಟ್ಟಿಲ್ಲ.

ಭಯದ ಪಾಲು ಇನ್ನೂ ದೊಡ್ಡದು. ವೈದ್ಯರ ಸೇವೆಯೂ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪಿತ್ತಿತು. ಅದು ನ್ಯಾಯವಾದ ತೀರ್ಪೇ. ಆದರೆ ಕಾದು ಮಗುವಿಗೆ ಅಪಾಯವಾದರೆ ವೈದ್ಯರನ್ನು ಕಟಕಟೆಗೆ ಎಳೆಯುವ ನಾವು, ಕಾಯದೆ ಕೊಯ್ದದ್ದಕ್ಕಾಗಿ ಸಾಮಾನ್ಯವಾಗಿ ಎಳೆಯುವುದಿಲ್ಲ. 2022ರ ಮಾರ್ಚ್‌ನಲ್ಲಿ ರಾಜಸ್ಥಾನದ ದೌಸಾ ಜಿಲ್ಲೆಯಲ್ಲಿ ಬಾಣಂತಿಯೊಬ್ಬರು ರಕ್ತಸ್ರಾವದಿಂದ ಸತ್ತಾಗ ವೈದ್ಯೆಯ ಮೇಲೆ ಕೊಲೆ ಮೊಕದ್ದಮೆ ದಾಖಲಾಯಿತು. ಆಕೆ ಆತ್ಮಹತ್ಯೆ ಮಾಡಿಕೊಂಡರು. ಇಂಥ ಸುದ್ದಿ ಓದಿದ ವೈದ್ಯರ ಕೈ ಕತ್ತಿಯತ್ತ ಬೇಗ ಚಾಚಿದರೆ ಅದರಲ್ಲಿ ನಮ್ಮ ಕೈಯೂ ಇದೆ. ಯಂತ್ರವೂ ಈ ಭಯಕ್ಕೆ ಇಂಬು ಕೊಟ್ಟಿದೆ. ಮಗುವಿನ ಎದೆಬಡಿತವನ್ನು ಎಡೆಬಿಡದೆ ಕಾಗದದ ಮೇಲೆ ಬರೆಯುವ ಸಾಧನವು ನವಜಾತ ಶಿಶುಗಳ ಸೆಳವನ್ನು ಕಡಿಮೆ ಮಾಡಿದ್ದು ನಿಜ. ಆದರೆ ಅದು ಸೆರೆಬ್ರಲ್ ಪಾಲ್ಸಿಯನ್ನು ಕಡಿಮೆ ಮಾಡಿದ್ದು ಕಂಡುಬಂದಿಲ್ಲ, ಸಿಸೇರಿಯನ್ನುಗಳನ್ನಂತೂ ಹೆಚ್ಚಿಸಿದೆ. ಗೆರೆ ಸ್ವಲ್ಪ ಬಾಗಿದರೆ ಸಾಕು, ಅದನ್ನು ಕಂಡೂ ಸುಮ್ಮನಿರುವ ಧೈರ್ಯ ಯಾರಿಗಿದೆ?

ಇನ್ನು ನಮ್ಮ ಮನೆಗಳ ವಿಚಾರ. ಪಂಚಾಂಗ ನೋಡಿ ಮುಹೂರ್ತಕ್ಕೆ ಮಗುವನ್ನು ತೆಗೆಸುವವರನ್ನು ಕಂಡು ನಾವು ನಗುತ್ತೇವೆ. ಅಜ್ಜನ ಹುಟ್ಟುಹಬ್ಬಕ್ಕೋ, ಕನ್ಯಾಮರಿಯಮ್ಮನವರ ಹಬ್ಬದ ದಿನಕ್ಕೋ, ಕುವೈತಿನಿಂದ ಬಂದ ಗಂಡನ ರಜೆ ಮುಗಿಯುವುದರೊಳಗೋ ಆಗಲೆಂದು ಕೇಳಿಕೊಳ್ಳುವವರು ನಮ್ಮವರೇ. ಹಾಗೆಂದು ಹುಡುಗಿಯೇ ಆಪರೇಷನ್ ಕೇಳಿದಾಗ ತಾಳ್ಮೆಯಿಲ್ಲದವಳೆಂದು ಹಳಿಯುವುದು ನನಗೆ ಸರಿಕಾಣದು. ಅವಳು ಕೇಳಿರುವ ಕಥೆಗಳೆಂಥವು? ನೋವಿಗೆ ಕೂಗಿದವಳಿಗೆ ಗದರಿಕೆ, ಕೆಲವೊಮ್ಮೆ ಏಟು. ನೋವು ಶಮನದ ಚುಚ್ಚುಮದ್ದಿನ ಸೌಲಭ್ಯ ಬಹುಪಾಲು ಆಸ್ಪತ್ರೆಗಳಲ್ಲಿ ಇಲ್ಲ. ಜೊತೆಗೆ ತಾಯಿಯನ್ನೂ ಒಳಗೆ ಬಿಡುವುದಿಲ್ಲ. ಅಂಥ ಕೋಣೆಯಲ್ಲಿ ಒಂಟಿಯಾಗಿ ಮಲಗುವುದಕ್ಕಿಂತ ಪ್ರಜ್ಞೆ ತಪ್ಪಿಸಿ ಕೊಯ್ಯಿರಿ ಎಂದು ಅವಳು ಬೇಡಿದರೆ, ಅದು ಆಯ್ಕೆಯೋ ಅಥವಾ ಆಯ್ಕೆಯೇ ಇಲ್ಲದವಳ ಮಾತೋ?

ಕೊಯ್ದದ್ದರ ಸಾಲವನ್ನು ತೀರಿಸುವವಳು ಅವಳೊಬ್ಬಳೇ. ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯದ ಗುರುತಿಗೆ ಅಂಟಿ ಬೆಳೆಯುವ ಅಪಾಯವು ಪ್ರತಿ ಸಿಸೇರಿಯನ್ನಿನೊಂದಿಗೂ ಏರುತ್ತದೆ. ಸೋಂಕು, ರಕ್ತಸ್ರಾವದ ಭಯ ಇದ್ದೇ ಇದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಸತ್ತಾಗ, ನರಕ್ಕೆ ಏರಿಸಿದ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಂದು ರಾಜ್ಯ ಸರ್ಕಾರ ಅದರ ಬಳಕೆಯನ್ನು ತಡೆಯಿತು. ಶಸ್ತ್ರಚಿಕಿತ್ಸೆ ಎಂದರೆ ಶಸ್ತ್ರ ಹಿಡಿದವರ ಕೈಯೊಂದೇ ಅಲ್ಲ. ಬಾಟಲಿ ತುಂಬಿಸಿದವರ ಕೈಯೂ ಶುದ್ಧವಿರಬೇಕು.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಪತ್ರಿಕೆಗಳು ಅವರು ಮಾಡಿಸಿದ 15 ಸಾವಿರಕ್ಕೂ ಹೆಚ್ಚು ಹೆರಿಗೆಗಳ ಬಗ್ಗೆ ಬರೆದವು. ಆ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು. ಮನೆಹೆರಿಗೆಯ ಕಾಲಕ್ಕೆ ಮರಳೋಣವೆಂದು ನಾನು ಹೇಳುತ್ತಿಲ್ಲ. ಆ ಕಾಲದಲ್ಲಿ ಸತ್ತ ತಾಯಂದಿರ ಲೆಕ್ಕ ಯಾವ ಪತ್ರಿಕೆಯಲ್ಲಿಯೂ ಬರಲಿಲ್ಲ. ಕರ್ನಾಟಕದಲ್ಲಿ 2004-06ರಲ್ಲಿ ಲಕ್ಷ ಜೀವಂತ ಜನನಗಳಿಗೆ 213 ಇದ್ದ ತಾಯಂದಿರ ಸಾವು 2018-20ರಲ್ಲಿ 69ಕ್ಕೆ ಇಳಿದಿರುವಲ್ಲಿ ಆಸ್ಪತ್ರೆಗಳ ಪಾಲು ದೊಡ್ಡದು. ಆದರೆ ನರಸಮ್ಮನವರಂಥವರಲ್ಲಿದ್ದ ಒಂದು ವಸ್ತು ಆಸ್ಪತ್ರೆಗೆ ಬರುವಾಗ ಹೊಸ್ತಿಲಾಚೆಯೇ ಉಳಿಯಿತು: ಪಕ್ಕದಲ್ಲಿ ಕುಳಿತು ಬೆನ್ನು ನೀವುತ್ತಾ ಕಾಯುವುದು. ನೋವಿನ ಹೊತ್ತಿನಲ್ಲಿ ಒಬ್ಬರು ಸತತವಾಗಿ ಜೊತೆಗಿದ್ದರೆ ಸಿಸೇರಿಯನ್ ಕಡಿಮೆಯಾಗುತ್ತದೆ ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಕೇಂದ್ರ ಸರ್ಕಾರ 2018ರಲ್ಲಿ ತರಬೇತಾದ ಸೂಲಗಿತ್ತಿ-ದಾದಿಯರ ಸೇವೆಗೆ ಮಾರ್ಗಸೂಚಿ ಹೊರಡಿಸಿದ್ದೂ ಇದೇ ದಿಕ್ಕಿನಲ್ಲಿ. ಕೇಂದ್ರ ಸರ್ಕಾರಿ ನೌಕರರ ಯೋಜನೆಗೆ ಸೇರಿದ ಆಸ್ಪತ್ರೆಗಳು ತಮ್ಮ ಸಿಸೇರಿಯನ್ ಪ್ರಮಾಣವನ್ನು ಫಲಕದಲ್ಲಿ ಬರೆಯಬೇಕೆಂದು 2017ರಲ್ಲಿ ಸೂಚನೆ ಹೊರಟಿತ್ತು. ನಮ್ಮ ಧರ್ಮಸಭೆಯ ಆಸ್ಪತ್ರೆಗಳು ಯಾರೂ ಹೇಳದೆಯೇ ಆ ಫಲಕವನ್ನು ತೂಗುಹಾಕಿದರೆ ಒಳ್ಳೆಯದಲ್ಲವೇ?

ತಂಗಿಯ ಮಗಳು ಈಗ ಮತ್ತೆ ಏಳು ತಿಂಗಳ ಬಸುರಿ. ‘ಒಮ್ಮೆ ಸಿಸೇರಿಯನ್ ಆದರೆ ಮುಂದೆಲ್ಲ ಸಿಸೇರಿಯನ್’ ಎಂದು ಎಲ್ಲರೂ ಅವಳಿಗೆ ಹೇಳಿದ್ದರು. 1916ರಲ್ಲಿ ನ್ಯೂಯಾರ್ಕಿನ ವೈದ್ಯ ಕ್ರೇಗಿನ್ ಈ ಮಾತನ್ನು ಹೇಳಿದ್ದು, ಮೊದಲನೆಯದನ್ನು ಸುಮ್ಮನೆ ಮಾಡಬೇಡಿರೆಂದು ತಮ್ಮ ವೃತ್ತಿಬಾಂಧವರನ್ನು ಎಚ್ಚರಿಸುವುದಕ್ಕೆ. ಆಗ ಗರ್ಭಕೋಶವನ್ನು ಉದ್ದಕ್ಕೆ ಕೊಯ್ಯುತ್ತಿದ್ದರು. ಈಗ ಕೆಳಭಾಗದಲ್ಲಿ ಅಡ್ಡಲಾಗಿ ಕೊಯ್ಯುವುದರಿಂದ ಎರಡನೆಯ ಬಾರಿ ಅನೇಕರು ಸಹಜವಾಗಿ ಹೆರಬಲ್ಲರು. ಆದರೆ ಹಳೆಯ ಗಾಯ ಬಿರಿಯುವ ಸಣ್ಣ ಅಪಾಯವಿರುವುದರಿಂದ ಹಗಲಿರುಳು ಆಪರೇಷನ್ ಥಿಯೇಟರ್ ಸಿದ್ಧವಿರುವ ಆಸ್ಪತ್ರೆಯೇ ಬೇಕು. ಅಂಥ ಒಂದು ಆಸ್ಪತ್ರೆ ನಮ್ಮೂರಿನಿಂದ ಎರಡು ಗಂಟೆಯ ದಾರಿ. ಕಳೆದ ವಾರ ಗಂಡಹೆಂಡಿರ ಜೊತೆ ನಾನೂ ಹೋಗಿದ್ದೆ. ವೈದ್ಯೆ ಹಳೆಯ ಕಾಗದಗಳನ್ನು ಒಂದೊಂದಾಗಿ ಓದಿದರು. ಅಪಾಯವನ್ನೂ ಸಾಧ್ಯತೆಯನ್ನೂ ಕನ್ನಡದಲ್ಲಿ, ಹುಡುಗಿಯ ಮುಖ ನೋಡುತ್ತಲೇ ಹೇಳಿದರು. ಕೊನೆಯಲ್ಲಿ, ‘ಪ್ರಯತ್ನಿಸೋಣ. ಕಾಯುವುದಕ್ಕೆ ನಿಮ್ಮ ಮನೆಯವರು ತಯಾರಿದ್ದಾರೆಯೇ?’ ಎಂದು ಕೇಳಿದರು.

‘ಎಷ್ಟು ಹೊತ್ತು ಮೇಡಂ?’ ಎಂದ ಅವಳ ಗಂಡ.

‘ಅದು ಗೊತ್ತಿದ್ದರೆ ನಾನು ಕೇಳುತ್ತಲೇ ಇರಲಿಲ್ಲ’ ಎಂದರು ಅವರು.