ಮಣ್ಣಿನ ಗೋಡೆಗೆ ಮಳೆಗಾಲದ ಪಾಠ

ದುಡ್ಡು ಕೊಟ್ಟು ಮಣ್ಣು ಹೊರಲು ಬರುವವರನ್ನು ಕಂಡರೆ ಸೊರಬ, ಶಿಕಾರಿಪುರದ ಕಡೆಯ ಹಿರಿಯರಿಗೆ ನಗು ಬರುತ್ತದೆ. ಬರದೆ ಏನು? ಮಣ್ಣು ಕಲಸಿ, ತುಳಿದು, ಹದಕ್ಕೆ ಬಿಟ್ಟು ಎಬ್ಬಿಸಿದ ಗೋಡೆಯೊಳಗೇ ಹುಟ್ಟಿ ಬೆಳೆದವರು ಅವರು. ಮಗನ ಕಾಲಕ್ಕೆ ಅದೇ ಗೋಡೆ ಕೆಡವಿ ಆರ್‌ಸಿಸಿ ಹಾಕಿಸಿದವರೂ ಅವರೇ. ಈಗ ಪೇಟೆಯ ಹುಡುಗ ಹುಡುಗಿಯರು ಕಮ್ಮಟವೆಂದು ಶುಲ್ಕ ಕಟ್ಟಿ, ಚೀಲಕ್ಕೆ ಮಣ್ಣು ತುಂಬಿ ಗೋಡೆ ಕಟ್ಟುವುದನ್ನೂ ಪರ್ಮಾಕಲ್ಚರ್ ತೋಟ ಮಾಡುವುದನ್ನೂ ಕಲಿಯುತ್ತಾರೆ. ಮುಯ್ಯಾಳಿನ ಕಾಲದಲ್ಲಿ ಇಂಥ ಕೆಲಸ ಒಂದು ಊಟದ ಮೇಲೆ, ನಾಳೆ ನಿನ್ನ ಮನೆಗೆ ನಾನು ಬರುತ್ತೇನೆಂಬ ಮಾತಿನ ಮೇಲೆ ನಡೆಯುತ್ತಿತ್ತು. ಆದರೂ ಕಲಿಯಲು ಬಂದವರನ್ನು ಕಂಡು ನಾನು ನಗಲಾರೆ. ಮನೆಯಲ್ಲಿ ಹೇಳಿಕೊಡುವವರು ಇಲ್ಲದ ಮೇಲೆ ಎಲ್ಲಿ ಹೇಳಿಕೊಡುತ್ತಾರೋ ಅಲ್ಲಿಗೆ ಹೋಗಬೇಕಲ್ಲ.

ಮಣ್ಣುಚೀಲದ ಕಸುಬು ಕೇಳುವುದಕ್ಕೆ ಸುಲಭ. ಪ್ಲಾಸ್ಟಿಕ್ ಚೀಲಕ್ಕೆ ತುಸು ಪಸೆಯಿರುವ ಮಣ್ಣು ತುಂಬಿ, ಬಾಯಿ ಮಡಚಿ, ಸಾಲಾಗಿ ಮಲಗಿಸಿ, ದಿಮ್ಮಸ್ಸಿನಿಂದ ಬಡಿದು ಗಟ್ಟಿ ಮಾಡುವುದು. ವರಸೆಯ ಮೇಲೆ ವರಸೆ ಜಾರದಂತೆ ನಡುವೆ ಎರಡೆಳೆ ಮುಳ್ಳುತಂತಿ. ಕಷ್ಟವಿರುವುದು ಮಣ್ಣಿನ ಆಯ್ಕೆಯಲ್ಲಿ. ಸುಮಾರು ಮೂರು ಪಾಲು ಜೇಡಿ, ಏಳು ಪಾಲು ಮರಳು ಇದ್ದರೆ ಒಳ್ಳೆಯದು. ಗಾಜಿನ ಬಾಟಲಿಗೆ ಮಣ್ಣು, ನೀರು ಹಾಕಿ ಕುಲುಕಿ ಇಟ್ಟರೆ ಮರಳು ಮೊದಲು ಕೂರುತ್ತದೆ, ಜೇಡಿ ಕೊನೆಗೆ. ಪದರಗಳ ದಪ್ಪ ನೋಡಿ ಲೆಕ್ಕ ಹಾಕಬಹುದು. ತೇವದ ಪರೀಕ್ಷೆ ಇನ್ನೂ ಸುಲಭ. ಉಂಡೆ ಕಟ್ಟಿ ಎದೆಮಟ್ಟದಿಂದ ಬಿಡಿ. ಪುಡಿಪುಡಿಯಾದರೆ ನೀರು ಸಾಲದು, ಪಚ್ಚೆಂದು ಹರಡಿದರೆ ಹೆಚ್ಚಾಯಿತು, ನಾಲ್ಕಾರು ಹೋಳಾದರೆ ಹದ. ಸೊರಬದ ಕೆಮ್ಮಣ್ಣಿಗೆ ಇದು ಒಗ್ಗುತ್ತದೆ. ಎರೆ ಮಣ್ಣನ್ನು ಮಾತ್ರ ಮುಟ್ಟಬಾರದು. ಅದು ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ.

ಈ ವಿದ್ಯೆಗೆ ಹೆಸರು ತಂದವರು ಇರಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಾಸ್ತುಶಿಲ್ಪಿ ನಾದಿರ್ ಖಲೀಲಿ. 1984ರಲ್ಲಿ ನಾಸಾದ ವಿಚಾರಸಂಕಿರಣವೊಂದರಲ್ಲಿ, ಚಂದ್ರನ ಮೇಲೆ ಅಲ್ಲಿನದೇ ಮಣ್ಣಿನಿಂದ ಮನೆ ಕಟ್ಟುವುದು ಹೇಗೆಂದು ಮಂಡಿಸಿದವರು. ಅವರ ಸಂಸ್ಥೆಯಿರುವುದು ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿ ಸೀಮೆಯ ಹೆಸ್ಪೀರಿಯಾದಲ್ಲಿ. ನಿರಾಶ್ರಿತರಿಗೆಂದು ರೂಪಿಸಿದ ಮರಳುಚೀಲದ ಗೂಡುಗಳಿಗೆ 2004ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯೂ ಬಂತು. ಗುಮ್ಮಟದಾಕಾರದ ಆ ಮನೆಗಳು ಚಿತ್ರದಲ್ಲಿ ಬಲು ಚೆಂದ. ಕಮ್ಮಟಕ್ಕೆ ಬಂದವರಿಗೆಲ್ಲ ಗುಮ್ಮಟವೇ ಬೇಕು. ಆದರೆ ಚಂದ್ರನಲ್ಲಿ ಮಳೆಯಿಲ್ಲ, ಮೊಹಾವಿಯಲ್ಲಿ ಇದ್ದೂ ಇಲ್ಲ. ಸೊರಬದ ಚಂದ್ರಗುತ್ತಿಯಲ್ಲಿ ಉಂಟು. ಗುಮ್ಮಟಕ್ಕೆ ಸೂರೇ ಇರುವುದಿಲ್ಲ. ಬಿದ್ದ ಹನಿಯೆಲ್ಲ ಗೋಡೆಯ ಮೈಮೇಲೇ ಇಳಿಯಬೇಕು. ಮಲೆನಾಡಿನ ಅಜ್ಜಂದಿರು ಜಂಬಿಟ್ಟಿಗೆಯ ಎತ್ತರದ ಪಾಯದ ಮೇಲೆ ಮಣ್ಣಿನ ಗೋಡೆ ಎಬ್ಬಿಸಿ, ಸೋಗೆಯನ್ನೋ ಹಂಚನ್ನೋ ಹೊದಿಸಿ, ಸೂರನ್ನು ಜಗಲಿಗಿಂತ ಆಚೆಗೆ ಚಾಚಿದ್ದು ಅಂದಕ್ಕಲ್ಲ.

2019ರ ಆಗಸ್ಟಿನ ಮಳೆ ಈ ಮಾತಿಗೆ ಸಾಕ್ಷಿ. ರಾಜ್ಯದಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಹೊಸದಾಗಿ ಎದ್ದದ್ದು ಸಿಮೆಂಟಿನ ಮನೆ, ಸಹಜವೇ. ಸರ್ಕಾರದ ಕಡತದಲ್ಲಿ ಮಣ್ಣಿನ ಗೋಡೆಯ ಮನೆಯೆಂದರೆ ಇಂದಿಗೂ ಕಚ್ಚಾ ಮನೆ. ಗೋಡೆ ಯಾಕೆ ಬಿತ್ತೆಂದು ಕೇಳುವ ವ್ಯವಧಾನ ಆಗ ಯಾರಿಗಿತ್ತು? ಒಡೆದ ಹಂಚನ್ನು ಬದಲಿಸದೆ ಬಿಟ್ಟದ್ದು, ರಸ್ತೆ ಎತ್ತರವಾಗಿ ಅಂಗಳ ತಗ್ಗಾದದ್ದು, ಚರಂಡಿ ಮುಚ್ಚಿಹೋಗಿ ಗೋಡೆಯ ಬುಡದಲ್ಲಿ ನೀರು ನಿಂತದ್ದು: ಮಣ್ಣಿನ ಗೋಡೆಯನ್ನು ಕೊಲ್ಲುವುದು ಇಂಥವೇ. ಚೀಲದ ಗೋಡೆಗೂ ಇದೇ ನಿಯಮ. ಅದಕ್ಕೇ ಬಲ್ಲವರು ಕೆಳಗಿನ ವರಸೆಗಳ ಚೀಲಕ್ಕೆ ಮಣ್ಣಿನ ಬದಲು ಜಲ್ಲಿ ತುಂಬುತ್ತಾರೆ, ನೀರು ಮೇಲಕ್ಕೆ ಏರದಿರಲೆಂದು.

ಗೋಡೆಯ ಪಾಠ ಹೀಗೆ ನೀರಿನ ಪಾಠವಾಯಿತಲ್ಲ, ತೋಟದ್ದೂ ಅಷ್ಟೇ. ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ 1978ರಲ್ಲಿ ಆಸ್ಟ್ರೇಲಿಯಾದಲ್ಲಿ ಪರ್ಮಾಕಲ್ಚರ್ ಬಗ್ಗೆ ಮೊದಲ ಪುಸ್ತಕ ಬರೆದರು. ಅದರ ತಿರುಳಲ್ಲೊಂದು, ಬಿದ್ದ ನೀರನ್ನು ಓಡಗೊಡದೆ, ಅದರ ದಾರಿಯಲ್ಲೆಲ್ಲ ಕೆಲಸ ಕೊಟ್ಟು ಕೆಳಗೆ ಕಳಿಸುವುದು. ಬಚ್ಚಲ ನೀರನ್ನು ಬಾಳೆಬುಡಕ್ಕೆ ಬಿಟ್ಟ ನಮ್ಮ ಅಮ್ಮಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಡಿಕೆಯ ನೆರಳಲ್ಲಿ ಬಾಳೆ, ಮರಕ್ಕೆ ಮೆಣಸಿನ ಬಳ್ಳಿ, ಬುಡಕ್ಕೆ ಬೆಟ್ಟದ ಸೊಪ್ಪು ಮತ್ತು ದರಕು. ಇದಕ್ಕೆಂದೇ ಬೆಳೆಗಾರರಿಗೆ ಬಿಟ್ಟ ಸೊಪ್ಪಿನ ಬೆಟ್ಟಗಳು ಸೊರಬ, ಸಾಗರದ ಕಡೆ ಇವತ್ತಿಗೂ ಇವೆ.

ಇದಕ್ಕೂ ದೊಡ್ಡ ಲೆಕ್ಕ ಊರಿನದು. ಮೇಲೆ ಕಾನೆಂಬ ದಟ್ಟ ಕಾಡು, ಅದರ ಕೆಳಗೆ ಕೆರೆ, ಕೆರೆಯ ಕೆಳಗೆ ಗದ್ದೆ, ತೋಟ. ಸೊರಬದ ಕಾನುಗಳು ಎಷ್ಟು ಮುಖ್ಯವಾಗಿದ್ದವೆಂದರೆ 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಆಡಳಿತದ ಅಧಿಕಾರಿಗಳು ಅವುಗಳ ಮೇಲೆಯೇ ಒಂದು ವರದಿ ಬರೆದರು. ಕೆರೆಯ ಮಹತ್ವಕ್ಕೂ ಸಾಕ್ಷಿಯಿದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋದವರು ಪ್ರಣವೇಶ್ವರ ದೇಗುಲದ ಎದುರಿನ ಶಾಸನದ ಕಂಬವನ್ನು ನೋಡಿರುತ್ತಾರೆ. ಅದರಲ್ಲಿ ಹೇಳಿದಂತೆ ಕದಂಬರ ಮಯೂರಶರ್ಮ ಕಂಚಿಗೆ ಓದಲು ಹೋದದ್ದು, ಜಗಳವಾದದ್ದು, ರಾಜ್ಯ ಕಟ್ಟಿದ್ದು ಎಲ್ಲರಿಗೂ ನೆನಪಿದೆ. ಕವಿ ಕುಬ್ಜ ಆ ಶಾಸನವನ್ನು ಬರೆದ ನಿಮಿತ್ತವನ್ನು ಮಾತ್ರ ಮರೆತಿದ್ದೇವೆ. ಐದನೇ ಶತಮಾನದಲ್ಲಿ ಕದಂಬ ದೊರೆ ಕಾಕುತ್ಸ್ಥವರ್ಮ ಆ ದೇಗುಲಕ್ಕಾಗಿ ಕೆರೆ ಕಟ್ಟಿಸಿದ, ಅದನ್ನು ದಾಖಲಿಸಲು ಅವನ ಮಗ ಶಾಂತಿವರ್ಮನ ಕಾಲದಲ್ಲಿ ಈ ಕಂಬ ಎದ್ದಿತು. ಒಂದು ರಾಜವಂಶದ ಚರಿತ್ರೆಯೆಲ್ಲ ನಮಗೆ ಸಿಕ್ಕಿದ್ದು ಕೆರೆಯೊಂದರ ನೆಪದಲ್ಲಿ.

ಈಗ ಶಿಕಾರಿಪುರದ ಕಡೆ ಮೆಕ್ಕೆಜೋಳ, ಸೊರಬದ ಕಡೆ ಶುಂಠಿ, ನಡುನಡುವೆ ಅಕೇಶಿಯಾ. ಎಷ್ಟೋ ಕೆರೆಗಳಲ್ಲಿ ಹೂಳು. ಬೇಲಿಯೊಳಗಿನ ಎರಡೆಕರೆಯಲ್ಲಿ ಸಮಪಾತಳಿಯ ಬದು ಹಾಕಿ, ಇಂಗುಗುಂಡಿ ತೋಡಿ ಪರ್ಮಾಕಲ್ಚರ್ ಕಲಿತೆವೆಂದರೆ ನನಗೆ ಅರ್ಧ ಪಾಠವೆನಿಸುತ್ತದೆ. ಮೇಲಿನ ಕೆರೆಯ ಏರಿ, ತೂಬು, ಕೋಡಿ ಯಾವ ಸ್ಥಿತಿಯಲ್ಲಿವೆ, ಕೋಡಿಯ ನೀರು ಯಾರ ಗದ್ದೆಯ ಮೇಲೆ ಹಾಯುತ್ತದೆ ಎಂಬುದನ್ನು ನಡೆದು ನೋಡಿ ಬರುವುದು ಕಮ್ಮಟದ ಮೊದಲ ದಿನದ ಕೆಲಸವಾಗಲಿ. ಆ ನೆಪದಲ್ಲಿ ಊರವರ ಪರಿಚಯವೂ ಆಗುತ್ತದೆ.

ಒಂದು ತಮಾಷೆಯನ್ನೂ ಹೇಳಬೇಕು. ಪರ್ಮಾಕಲ್ಚರ್‌ಗೆ ಯೂರಿಯಾ ಆಗದು. ಆದರೆ ಮಣ್ಣುಚೀಲದ ಮನೆಗೆ ಹಳ್ಳಿಯಲ್ಲಿ ಅಗ್ಗಕ್ಕೆ ಸಿಗುವುದು ಖಾಲಿ ಗೊಬ್ಬರದ ಚೀಲವೇ! ಮೆಕ್ಕೆಜೋಳದ ಸೀಮೆಯಲ್ಲಿ ಅದಕ್ಕೇನು ಬರ? ಈ ಚೀಲಕ್ಕೆ ಬಿಸಿಲೆಂದರೆ ಆಗದು. ಕೆಲವೇ ತಿಂಗಳು ತೆರೆದಿಟ್ಟರೆ ಎಳೆ ಬಿಟ್ಟು ಪುಡಿಯಾಗಿ ಗಾಳಿಗೆ ಹಾರುತ್ತದೆ. ಬೇಗ ಗಿಲಾವು ಮಾಡದೆ ಬಿಟ್ಟರೆ ಸಾವಯವ ಮನೆಯ ಸುತ್ತ ಪ್ಲಾಸ್ಟಿಕ್ ಚೂರು. ನೇರ ಮಣ್ಣಿನಲ್ಲೇ ಕಟ್ಟಲು ಬರುವಲ್ಲಿ ಚೀಲ ಯಾತಕ್ಕೆ ಎಂಬ ಪ್ರಶ್ನೆಯೂ ಸರಿಯಾದದ್ದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ, ತುಸು ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಪಳಗಿಸಿ ಎಷ್ಟೋ ಕಾಲವಾಯಿತು. ಚೀಲದ ಪರವಾಗಿ ಒಂದು ಮಾತು: ಯಂತ್ರ ಬೇಡ, ನುರಿತ ಕೈಯೂ ಅಷ್ಟಾಗಿ ಬೇಡ. ಹೊಸಬರಿಗೆ ಧೈರ್ಯ ಬರಲು ಅಷ್ಟು ಸಾಕು.

ಕಟ್ಟಿದ ಮೇಲಿನ ಕತೆಯನ್ನು ಕಮ್ಮಟಗಳು ಹೇಳುವುದು ಕಡಿಮೆ. ಮಣ್ಣಿನ ಗೋಡೆಗೆ ವರ್ಷಕ್ಕೊಮ್ಮೆ ಆರೈಕೆ ಬೇಕು. ಈ ಸೀಮೆಯ ದೀವರ ಮನೆಗಳಲ್ಲಿ ಅದು ಹಬ್ಬದೊಳಗೇ ಸೇರಿಕೊಂಡಿತ್ತು. ಮಳೆ ಹಿಂದಾಗಿ ಭೂಮಿ ಹುಣ್ಣಿಮೆ, ದೀಪಾವಳಿ ಹತ್ತಿರವಾದಾಗ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯಿಂದ ಹಸೆ ಚಿತ್ತಾರ ಬರೆಯುತ್ತಿದ್ದರು. ಬಿರುಕು ಕಣ್ಣಿಗೆ ಬೀಳುತ್ತಿದ್ದದ್ದೂ ಆಗಲೇ. ಚಿತ್ತಾರವನ್ನು ಹೊಗಳುವ ನಾವು, ಆ ಆರೈಕೆಯಷ್ಟೂ ಹೆಂಗಸರ ಸೊಂಟದ ಮೇಲೆ ಬಿದ್ದಿತ್ತೆಂಬುದನ್ನು ಮರೆಯಬಾರದು. ಸಿಮೆಂಟ್ ನೆಲ ಬಂದಾಗ ಸೆಗಣಿ ಸಾರಿಸುವುದು ತಪ್ಪಿತೆಂದು ನಿಟ್ಟುಸಿರಿಟ್ಟವರು ಅವರು. ಹೊಸ ಮಣ್ಣಿನ ಮನೆಯಲ್ಲಿ ಗೋಡೆ ಬಳಿಯುವ ಸರದಿ ಯಾರದು ಎಂಬುದನ್ನು ಗಂಡ ಹೆಂಡತಿ ಪಾಯ ತೆಗೆಯುವ ಮುಂಚೆಯೇ ಮಾತಾಡಿಕೊಳ್ಳುವುದು ಒಳ್ಳೆಯದು.

ಇನ್ನು ಕಮ್ಮಟ ನಡೆಸುವವರಿಗೊಂದು ಬೇಡಿಕೆ. ಮಣ್ಣಿನ ಕೆಲಸಕ್ಕೆ ಬೇಸಿಗೆಯೇ ಸರಿ. ಜನವರಿಯಿಂದ ಮಾರ್ಚಿನೊಳಗೆ ಗೋಡೆ ಎಬ್ಬಿಸಿ. ಆದರೆ ಪ್ರಮಾಣಪತ್ರವನ್ನು ಆಗಲೇ ಕೊಡಬೇಡಿ. ಅದೇ ತಂಡವನ್ನು ಜುಲೈನಲ್ಲಿ, ಜಡಿಮಳೆ ಹಿಡಿದ ವಾರದಲ್ಲಿ, ಕೊಡೆ ಸಮೇತ ವಾಪಸು ಕರೆಸಿ. ಸೂರಿನ ನೀರು ಗೋಡೆಯಿಂದ ಎಷ್ಟು ದೂರ ಬೀಳುತ್ತಿದೆ, ಎರಚಲು ಎಲ್ಲಿಯವರೆಗೆ ತಾಗಿದೆ, ಅಂಗಳದ ನೀರು ಯಾವ ಮೂಲೆಯಲ್ಲಿ ನಿಂತಿದೆ ಎಂದು ಅವರೇ ಅಳೆದು ಬರೆದುಕೊಳ್ಳಲಿ. ಊರಿನ ಹಿರಿಯರೊಬ್ಬರನ್ನು ಅವತ್ತು ಮೇಷ್ಟ್ರಾಗಿ ಕರೆಯಿರಿ, ಸಂಭಾವನೆ ಕೊಟ್ಟು.