ಕೈಗೆ ಬಾರದ ಪೆಟ್ಟು

ಡಲ್ಲಾಸಿನಲ್ಲಿರುವ ಅಣ್ಣನ ಮಗ ಹೋದ ವರ್ಷ ನನ್ನನ್ನು ಗುಂಡು ಹಾರಿಸುವ ಶಾಲೆಗೆ ಕರೆದುಕೊಂಡು ಹೋದ. ಅರವತ್ತೆಂಟನೆಯ ವಯಸ್ಸಿನಲ್ಲಿ, ಮೂವತ್ತೈದು ವರ್ಷ ಬರೀ ಸೀಮೆಸುಣ್ಣ ಹಿಡಿದ ಕೈಗೆ, ಮೊದಲ ಸಲ ರಿವಾಲ್ವರ್ ಬಂತು. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ. ಕಾಲಡಿ ಹಿತ್ತಾಳೆಯ ಖಾಲಿ ತೋಟಾಗಳು ಉರುಳಾಡುತ್ತಿದ್ದವು.

ಮೊದಲು ಕೊಟ್ಟದ್ದು ಸಿನಿಮಾದಲ್ಲಿ ನೋಡುವಂಥ ಸಾಮಾನ್ಯ ರಿವಾಲ್ವರ್. ಕುದುರೆ ಎಳೆದದ್ದೇ ತಡ, ಅದರ ಮೂತಿ ಮಾಳಿಗೆಯ ಕಡೆಗೆ ಎಗರಿತು. ಹೆಬ್ಬೆರಳು ತೋರುಬೆರಳಿನ ನಡುವಿನ ಚರ್ಮ ಉರಿಯಿತು. ಎದೆ ಡವಗುಟ್ಟುತ್ತಿತ್ತು. ಇನ್ನು ಸಾಕು ಅಂದೆ.

"ಇದೊಂದು ನೋಡ್ರಿ ಕಾಕಾ, ಇದು ಬ್ಯಾರೆ ಥರ ಅದ" ಎಂದು ಹುಡುಗ ಇನ್ನೊಂದನ್ನು ಕೊಟ್ಟ. ಇಟಲಿಯ ಕಿಯಾಪ್ಪಾ ಕಂಪನಿಯದು, ಹೆಸರು ರೈನೋ, ಅಂದರೆ ಖಡ್ಗಮೃಗ. ನೋಡಿದರೆ ನಳಿಗೆಯನ್ನು ತಪ್ಪು ಜಾಗದಲ್ಲಿ ಜೋಡಿಸಿದಂತಿತ್ತು. 1836ರಲ್ಲಿ ಸ್ಯಾಮ್ಯುಯೆಲ್ ಕೋಲ್ಟ್ ಅಮೆರಿಕದಲ್ಲಿ ಪೇಟೆಂಟ್ ಪಡೆದಾಗಿನಿಂದ ರಿವಾಲ್ವರಿನ ಉರುಳೆಯ ಮೇಲ್ಗಡೆಯ ಕೋಣೆಯಿಂದಲೇ ಗುಂಡು ಹಾರುವುದು ಹೆಚ್ಚುಕಡಿಮೆ ರೂಢಿ. ಇದರಲ್ಲಿ ಕೆಳಗಿನ ಕೋಣೆಯಿಂದ ಹಾರುತ್ತದೆ. ನಳಿಗೆ ಮುಷ್ಟಿಗೆ ಅಷ್ಟು ಹತ್ತಿರ. ಉರುಳೆಯೂ ದುಂಡಗಿಲ್ಲ, ಆರು ಮಗ್ಗುಲು ಚಪ್ಪಟೆ. ಹಿಂದಿನ ಕೊಕ್ಕೆಯನ್ನು ಹಿಂದಕ್ಕೆಳೆದರೆ ಅದು ಏನೂ ಆಗಿಲ್ಲವೆಂಬಂತೆ ಮತ್ತೆ ತನ್ನ ಜಾಗಕ್ಕೇ ಬಂದು ಕೂರುತ್ತದೆ. ಗುಂಡು ಹಾರಲು ಸಿದ್ಧವೆಂದು ತಿಳಿಸಲು ಮೇಲೆ ಒಂದು ಸಣ್ಣ ಕೆಂಪು ಮೊಳೆ ಮಾತ್ರ ತಲೆಯೆತ್ತುತ್ತದೆ, ಜೋಳದ ಕಾಳಿನಷ್ಟು.

ಅದೇ ಜಾತಿಯ ತೋಟಾ, ಅಷ್ಟೇ ಮದ್ದು. ಹಲ್ಲು ಕಚ್ಚಿ ಒತ್ತಿದೆ. ಸದ್ದು ಅಷ್ಟೇ ಜೋರು. ಆದರೆ ಮೂತಿ ಮೇಲೇಳಲಿಲ್ಲ. ಅಂಗೈಯನ್ನು ಯಾರೋ ನೇರಕ್ಕೆ ಒತ್ತಿದಂತಾಯಿತು, ಅಷ್ಟೆ. ಆರೂ ಹಾರಿಸಿದೆ. ನಾಲ್ಕು ಕಾಗದದ ಮನುಷ್ಯನ ಎದೆಗೇ ಬಿದ್ದಿದ್ದವು. ನನಗೆ ಖುಷಿಯಾಯಿತು, ನಿಜ ಹೇಳುತ್ತೇನೆ.

ಇದನ್ನು ರೂಪಿಸಿದವನು ಎಮಿಲಿಯೋ ಗಿಸೋನಿ. 2008ರಲ್ಲಿ ತೀರಿಕೊಂಡ, ಅದು ಪೇಟೆಗೆ ಬಂದದ್ದು ಆಮೇಲೆ. ಅವನ ಬುದ್ಧಿಗೆ ಕೈಮುಗಿಯಬೇಕು. ಸಾಮಾನ್ಯ ರಿವಾಲ್ವರಿನಲ್ಲಿ ನಳಿಗೆ ಮುಷ್ಟಿಗಿಂತ ಎತ್ತರದಲ್ಲಿರುವುದರಿಂದ ಹಿಂದೊದೆತ ಮಣಿಕಟ್ಟಿನ ಮೇಲಿಂದ ಹಾಯ್ದು ಮೂತಿಯನ್ನು ಎತ್ತಿಬಿಡುತ್ತದೆ. ಇವನು ನಳಿಗೆಯನ್ನು ಕೆಳಗಿಳಿಸಿ ಒದೆತವನ್ನು ನೇರ ಮುಂಗೈಯೊಳಕ್ಕೆ ಕಳಿಸಿದ. ಗುಂಡು ಮುಂದೆ ಹೋದಷ್ಟಕ್ಕೆ ಬಂದೂಕು ಹಿಂದೆ ಬರಲೇಬೇಕು. ಈ ಲೆಕ್ಕದಲ್ಲಿ ರಿಯಾಯಿತಿಯಿಲ್ಲ. ಪೆಟ್ಟು ಕಡಿಮೆಯಾಗಿಲ್ಲ, ದಾರಿ ಬದಲಿಸಿದೆ. ರಾತ್ರಿ ಹಾಸಿಗೆಯಲ್ಲಿ ಹೊರಳಿದಾಗ ಮೊಣಕೈ ನೋಯುತ್ತಿತ್ತು.

ಆ ನೋವಿಗೆ ಅಪ್ಪ ನೆನಪಾದ.

ನಮ್ಮಪ್ಪ ಶಹಾಬಾದಿನ ಖಣಿಯಲ್ಲಿ ಫರ್ಸಿ ಎಬ್ಬಿಸುತ್ತಿದ್ದ. ನಮ್ಮ ಕಡೆಯ ಈ ಸುಣ್ಣದ ಕಲ್ಲು ಪುಸ್ತಕದ ಹಾಳೆಗಳ ಹಾಗೆ ಪದರು ಪದರಾಗಿರುತ್ತದೆ. ಪದರಿನ ಸಂದಿಗೆ ಉಳಿಯಿಟ್ಟು ಸಣ್ಣಗೆ ಬಡಿಯುತ್ತ ಹೋಗಬೇಕು. ಗಟ್ಟಿಯಿದ್ದರೆ ಸುತ್ತಿಗೆ ಪುಟಿದು ಕೈಗೆ ಬರುತ್ತದೆ. ಪದರು ಬಿಡತೊಡಗಿದರೆ ಆ ಪುಟಿತ ಸತ್ತು, ಸದ್ದು ಮಂದವಾಗುತ್ತದೆ. ಅಪ್ಪ ಕಣ್ಣಿಗಿಂತ ಹೆಚ್ಚು ಕೈಯನ್ನೇ ನಂಬುತ್ತಿದ್ದ. ಸಣ್ಣವನಿದ್ದಾಗ ನಾನು ಒಮ್ಮೆ ಜೋರಾಗಿ ಬಡಿದು ಒಂದು ಇಡೀ ಹಾಸನ್ನು ಅಡ್ಡಡ್ಡ ಸೀಳಿಬಿಟ್ಟೆ. ಅಪ್ಪ ಬೈಯಲಿಲ್ಲ. "ಸುತ್ತಿಗಿ ಹೊಳ್ಳಿ ಕೈಗಿ ಹೊಡೀತದಲ್ಲ, ಅದು ಕಲ್ಲಿನ ಮಾತು. ಕೇಳಸ್ಕೊಳ್ಳದೇ ಹೊಡೀಬ್ಯಾಡ" ಅಂದ.

ನಾನು ಮೇಷ್ಟ್ರಾದೆ. ಆ ಕಾಲದ ಮೇಷ್ಟ್ರುಗಳಂತೆ ಹುಡುಗರಿಗೆ ಹೊಡೆದದ್ದೂ ಉಂಟು. ಅದು ತಪ್ಪೇ. ಆದರೆ ಕಪಾಳಕ್ಕೆ ಹೊಡೆದ ದಿನ ಅಂಗೈ ಚುರುಚುರು ಎನ್ನುತ್ತಿತ್ತು. ಸಂಜೆ ಬಸ್ಸಿನ ಕಂಬಿ ಹಿಡಿದಾಗಲೂ ಆ ಹುಡುಗನ ಮುಖ ಕಣ್ಣ ಮುಂದೆ ಇರುತ್ತಿತ್ತು. ಮರುದಿನ ಅವನನ್ನು ಕರೆದು ಏನಾದರೂ ಮಾತಾಡಿಸದಿದ್ದರೆ ಸಮಾಧಾನವಿರುತ್ತಿರಲಿಲ್ಲ.

ಒಬ್ಬನಿಗೆ ಮಾತ್ರ ನಾನು ಕೈಯಿಂದ ಹೊಡೆಯಲಿಲ್ಲ. ಪ್ರಯೋಗಾಲಯದ ಒಂದು ಮಸೂರ ಕಳುವಾಗಿತ್ತು, ಬೆರಳುಗಳು ಅವನತ್ತ ತಿರುಗಿದವು. ವಿಚಾರಿಸಲು ಒಂದು ಗಂಟೆಯೂ ಸಾಕಿತ್ತು. ನನಗೆ ಅವಸರವಿತ್ತು. ಟಿ.ಸಿ.ಯಲ್ಲಿ ನಡತೆಯ ಅಂಕಣದೆದುರು 'ತೃಪ್ತಿಕರವಲ್ಲ' ಎಂದು ಬರೆದು ಸಹಿ ಹಾಕಿದೆ. ಪೆನ್ನು ಒದೆಯುವುದಿಲ್ಲ. ಶಾಯಿ ಆರುವಷ್ಟರಲ್ಲಿ ಮರೆತು ಚಹಾಕ್ಕೆ ಎದ್ದೆ. ಆ ಚೀಟಿ ಹಿಡಿದು ಹೋದ ಅವನನ್ನು ಬೇರೆ ಯಾವ ಶಾಲೆಯೂ ಸೇರಿಸಿಕೊಳ್ಳಲಿಲ್ಲ. ಹುಡುಗ ಖಣಿಗೆ ಹೋದ. ಮಸೂರ ಬೇಸಿಗೆ ರಜೆಯಲ್ಲಿ ಕಪಾಟಿನ ಹಿಂದೆ ಸಿಕ್ಕಿತು.

ಅದೇ ವರ್ಷ ಮಕ್ಕಳನ್ನು ಕಟ್ಟಿಕೊಂಡು ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಪ್ರವಾಸ ಹೋಗಿದ್ದೆ. ಭೀಮಾ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದು, 1986ರಲ್ಲಿ ಅಶೋಕನ ಶಾಸನದ ಕಲ್ಲು ಹೊರಬಿದ್ದಿತ್ತು. ವಿಗ್ರಹ ನಿಲ್ಲಿಸಲು ಆ ಕಲ್ಲನ್ನೇ ಪೀಠ ಮಾಡಿ, ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಕಳಿಂಗದ ಧೌಲಿ, ಜೌಗಡಗಳಲ್ಲಿರುವ ಎರಡು ಪ್ರತ್ಯೇಕ ಶಾಸನಗಳು ಇಲ್ಲಿಯೂ ಇವೆ. ಅವು ಅಧಿಕಾರಿಗಳಿಗೆ ಹೇಳಿದ ಮಾತು: ಯಾರನ್ನೂ ಕಾರಣವಿಲ್ಲದೆ ಸೆರೆಗೆ ಹಾಕಬೇಡಿ, ಸಿಟ್ಟು, ಕ್ರೌರ್ಯ, ಅವಸರ ಇವುಗಳಿಂದ ನ್ಯಾಯ ಕೆಡುತ್ತದೆ. ಕಳಿಂಗದಲ್ಲಿ ಸತ್ತವರು ಒಂದು ಲಕ್ಷವೆಂದು ತಾನೇ ಕಲ್ಲಿನಲ್ಲಿ ಬರೆಸಿದ ಅರಸ, ರುಜು ಹಾಕುವ ಕೈಗಳ ಬಗ್ಗೆ ಎಷ್ಟು ಕಳವಳಪಟ್ಟಿದ್ದ! ಅರಸನ ಯುದ್ಧ ಎಲ್ಲರ ಕಣ್ಣಿಗೂ ಕಾಣುತ್ತದೆ. ಕಚೇರಿಯೊಳಗೆ ಕೂತು ಅವಸರದಲ್ಲಿ ಮಾಡಿದ್ದಕ್ಕೆ ಸದ್ದೂ ಇಲ್ಲ, ಒದೆತವೂ ಇಲ್ಲ. 'ಅವಸರ' ಎಂಬ ಮಾತನ್ನು ಮಕ್ಕಳಿಂದ ನೋಟುಬುಕ್ಕಿನಲ್ಲಿ ಬರೆಸಿದವನು ನಾನೇ.

ಕೈಗೆ ಹಿತವಾಗುವ ಆಯುಧ ಮಾಡುವುದನ್ನು ನಾನು ತಪ್ಪೆನ್ನಲಾರೆ. ನಮ್ಮಲ್ಲೇ 2014ರಲ್ಲಿ ಕಾನ್ಪುರದ ಕಾರ್ಖಾನೆ ಹೆಣ್ಣುಮಕ್ಕಳಿಗೆಂದು 'ನಿರ್ಭೀಕ್' ಎಂಬ ಅರ್ಧ ಕೆ.ಜಿ.ಯ ರಿವಾಲ್ವರ್ ತಂದಿತು. 2012ರ ದೆಹಲಿಯ ಸಾಮೂಹಿಕ ಅತ್ಯಾಚಾರದ ಘಟನೆಯಾದ ಮೇಲೆ ಹುಟ್ಟಿದ ಭಯಕ್ಕೆ ಅದೊಂದು ಉತ್ತರ. ಗುರಿ ತಪ್ಪದಿರುವುದು ಒಳ್ಳೆಯದೇ. ನನ್ನ ಕಳವಳ ಬೇರೆ. ಮೊದಲ ರಿವಾಲ್ವರ್ ಒಂದೇ ಗುಂಡಿಗೆ ನನ್ನನ್ನು ಹೆದರಿಸಿ 'ಸಾಕು' ಅನ್ನಿಸಿತ್ತು. ಎರಡನೆಯದು ಆರನ್ನೂ ಹಾರಿಸಿತು, ಏಳನೆಯದಕ್ಕೂ ಕೈ ಸಿದ್ಧವಿತ್ತು. ಕೈಗೆ ಸಿಗಬೇಕಾದ ಸುದ್ದಿ ಮೊಣಕೈಗೆ ಸಿಕ್ಕಿತು, ಅದೂ ರಾತ್ರಿಗೆ. ಟಿ.ಸಿ.ಯ ಸುದ್ದಿ ನನಗೆ ಸಿಕ್ಕಲು ಮೂವತ್ತು ವರ್ಷ ಹಿಡಿಯಿತು.

ಊರಿಗೆ ಬಂದ ಮೇಲೆ ವಾಡಿಯಲ್ಲಿ ರೈಲಿಳಿದು ಶಹಾಬಾದಿಗೆ ಹೋದೆ. ಆ ಟಿ.ಸಿ.ಯ ಹುಡುಗನಿಗೀಗ ತಲೆ ನರೆತಿದೆ, ಕಲ್ಲು ಕೊಯ್ಯುವ ಮಷೀನಿನ ಹತ್ತಿರ ಕೆಲಸ. ಮನೆಯ ಪಡಸಾಲೆಗೆ ಫರ್ಸಿ ಬೇಕು ಎಂದು ನೆಪ ಹೇಳಿದೆ. "ನಮಸ್ಕಾರ್ರೀ ಸರ್" ಎಂದವನೇ ಸುಣ್ಣದ ಧೂಳಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಚಹಾ ತರಿಸಿದ. ಆಮೇಲೆ ನಾನು ಮಸೂರದ ಮಾತೆತ್ತಿದೆ. ಸಿಕ್ಕಿತ್ತು, ಆಗಲೇ ಸಿಕ್ಕಿತ್ತು, ನಾನು ಬಂದು ಹೇಳಲಿಲ್ಲ ಅಂದೆ. ಅವನು ಬಹಳ ಹೊತ್ತು ಮಷೀನಿನ ಕಡೆ ನೋಡುತ್ತ ಕೂತ. ಏನೂ ಅನ್ನಲಿಲ್ಲ. ಟೆಂಪೋ ಬಂತು, ಎದ್ದ. ನಾನೂ ಒಂದು ಹಾಸಿನ ತುದಿಗೆ ಕೈ ಹಾಕಿದೆ.

"ಸರ್, ಸಾವಕಾಶ ಹಿಡೀರಿ. ಬೆರಳು ಸಿಗ್ತದ."